ಉಪ್ಪಿನ ಮಿತಿ

ಉಪ್ಪಿಗಿಂತ ರುಚಿಯಿಲ್ಲವೆಂಬ ನಾಣ್ಣುಡಿಯನ್ನರಿಯದ ಮನೆ ನಮ್ಮ ಮೈಸೂರಿನಲ್ಲಿ ಇರಲಾರದು. ಭರಣಿಯೊಳಗಿನ ಮಾವಿನ ಮಿಡಿಯನ್ನು ವರ್ಷವಿಡೀ ಕೆಡದಂತೆ ಕಾಯುವುದೂ, ಗಂಟಲುನೋವಿಗೆ ಬಿಸಿನೀರಿನೊಡನೆ ಮುಕ್ಕಳಿಸಲೊದಗುವುದೂ ಉಪ್ಪೇ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ೬ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಅಳತೆ ತಪ್ಪದಂತೆ ಗುಟುಕುಗುಟುಕಾಗಿ ಕುಡಿಸಿದರೆ, ಭೇದಿಯಿಂದ ಬಳಲಿದ ಮಗುವಿನ ಪ್ರಾಣವನ್ನೂ ಅದು ಉಳಿಸಬಲ್ಲುದು.

ಇಂತಹ ಜೀವವಸ್ತುವಿಗೆ ಪರಸರ್ಕಾರವು ಕರ ವಿಧಿಸಿದ್ದಾಗ, ೧೯೩೦ನೆಯ ಇಸವಿ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕನ್ನಡಿಗರು ಕಾಯಿದೆಯನ್ನು ಮುರಿದು ಉಪ್ಪು ತಯಾರಿಸಿದರು. ಬಡವನ ಗಂಜಿಗೂ ಉಪ್ಪು ಎಟುಕಬೇಕೆಂಬುದೇ ಆ ಹೋರಾಟದ ತಿರುಳಾಗಿತ್ತು.

ಇಂದು ಉಪ್ಪು ಎಲ್ಲರಿಗೂ ಎಟುಕಿದೆ; ನಾಲಗೆಯ ಅಂಕೆ ಮಾತ್ರ ತಪ್ಪಿದೆ. ವಯಸ್ಕರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದೊಳಗೆ, ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೀರಿದರೆ ರಕ್ತದೊತ್ತಡವೇರಿ ಹೃದಯಕ್ಕೂ ಮೂತ್ರಪಿಂಡಕ್ಕೂ ಕೇಡು. ಕಚೇರಿಯಿಂದ ಮರಳಿದೊಡನೆ ಕುರುಕಲು ತಿಂಡಿಗೂ, ಊಟದಲ್ಲಿ ಹಪ್ಪಳ ಉಪ್ಪಿನಕಾಯಿಗಳಿಗೂ ಮತ್ತೆಮತ್ತೆ ಕೈಚಾಚುವ ಮಹನೀಯರು ಇದನ್ನು ಯೋಚಿಸುವರೆಂದು ನಂಬುತ್ತೇವೆ. ಗಳಗಂಡವನ್ನು ತಡೆಯುವ ಅಯೋಡಿನ್ ಬೆರೆತ ಉಪ್ಪನ್ನೇ ಕೊಂಡು, ಮುಚ್ಚಳ ಬಿಗಿದ ಡಬ್ಬಿಯಲ್ಲಿಡುವುದೊಳಿತು.

ಹಿರಿಯರು ಸೆರೆಮನೆ ಕಂಡು ಗಳಿಸಿಕೊಟ್ಟ ಉಪ್ಪನ್ನು ಅಳೆದು ಉಣ್ಣುವುದೇ ನಾವು ಆ ಋಣಕ್ಕೆ ಸಲ್ಲಿಸಬಹುದಾದ ಮರ್ಯಾದೆ.