ಹತ್ತಿರದ ಮುಸಲ್ಮಾನ, ದೂರದ ಮುಸಲ್ಮಾನ

ಬೈರಿದೇವರಕೊಪ್ಪದ ಹಜರತ್ ಸೈಯದ್ ಮೆಹಮೂದ್ ಶಾ ಖಾದ್ರಿ ದರ್ಗಾವನ್ನು 2022ರ ಡಿಸೆಂಬರ್ 21ರಂದು ಪೊಲೀಸ್ ಬಂದೋಬಸ್ತಿನಲ್ಲಿ ತೆರವು ಮಾಡಲಾಯಿತು. ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟರೆ ಉಣಕಲ್ ದಾಟಿದ ಮೇಲೆ ಸಿಗುವ ಊರಿದು. ತ್ವರಿತ ಬಸ್ ಸಾರಿಗೆಯ ಚಿಗರಿ ಬಸ್ಸುಗಳು ಓಡುವ ಬಿಆರ್‌ಟಿಎಸ್ ರಸ್ತೆಯ ಅಗಲೀಕರಣಕ್ಕೆ ದರ್ಗಾ ಅಡ್ಡ ಬರುತ್ತದೆ ಎಂಬುದು ಸರ್ಕಾರದ ವಾದವಾಗಿತ್ತು. ತಡೆ ಕೋರಿದ್ದ ಅರ್ಜಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಇದೇ ರಸ್ತೆಗಾಗಿ ಗುಡಿಗಳನ್ನೂ ತೆಗೆಯಲಾಗಿದೆ ಎಂದು ಸರ್ಕಾರ ಹೇಳಿತು, ಮುಸ್ಲಿಮರು ನೊಂದರು, ವಿರೋಧ ಪಕ್ಷ ಟೀಕಿಸಿತು. ಸುದ್ದಿ ಓದಿದವರಲ್ಲಿ ಹೆಚ್ಚಿನವರಿಗೆ ಅದು ಹಿಂದೂ-ಮುಸ್ಲಿಂ ಜಗಳದ ಇನ್ನೊಂದು ಕಂತಾಗಿ ಕಂಡಿತು. ಈ ದರ್ಗಾಕ್ಕೆ ಹಿಂದೂಗಳೂ ನಡೆದುಕೊಳ್ಳುತ್ತಿದ್ದರೆಂಬ ಸಂಗತಿ ಆ ಚೌಕಟ್ಟಿನಲ್ಲಿ ಹಿಡಿಸುವಂಥದ್ದಲ್ಲ.

ಧಾರವಾಡ ಸೀಮೆಯ ಜನಕ್ಕೆ ಇಸ್ಲಾಂ ಪರಿಚಯವಾದದ್ದು ಬಹುಮಟ್ಟಿಗೆ ದರ್ಗಾಗಳ ಮೂಲಕ. ದರ್ಗಾ ಎಂದರೆ ಸೂಫಿ ಸಂತನ ಸಮಾಧಿ. ಅಲ್ಲಿ ಮುಜಾವರರು ಚಾದರ ಹೊದಿಸುತ್ತಾರೆ, ಲೋಬಾನ ಹಾಕುತ್ತಾರೆ, ಹರಕೆ ಹೊತ್ತವರು ಸಕ್ಕರೆ ಓದಿಸಿಕೊಂಡು ಮನೆಗೆ ಒಯ್ಯುತ್ತಾರೆ, ವರ್ಷಕ್ಕೊಮ್ಮೆ ಗಂಧ ಮತ್ತು ಉರುಸು ನಡೆಯುತ್ತದೆ. ದಕ್ಷಿಣದ ಈ ಪರಂಪರೆಯಲ್ಲಿ ದೊಡ್ಡ ಹೆಸರು ಕಲಬುರಗಿಯ ಖಾಜಾ ಬಂದೇ ನವಾಜರದು. ದಿಲ್ಲಿಯಿಂದ ಬಂದು ಬಹಮನಿಗಳ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿದ ಅವರು 1422ರಲ್ಲಿ ತೀರಿಕೊಂಡರು. ವಿಜಯಪುರದ ಆದಿಲಶಾಹಿಗಳ ಹೊತ್ತಿಗೆ ಸೂಫಿಗಳು ಹಳ್ಳಿ ಹಳ್ಳಿಗೂ ಹಬ್ಬಿದ್ದರು. ಅವರ ನೆನಪು ಶಾಸನಗಳಿಗಿಂತ ಹೆಚ್ಚಾಗಿ ಜನರ ಹೆಸರುಗಳಲ್ಲಿ ಉಳಿದಿದೆ. ಫಕೀರಪ್ಪ, ಫಕೀರವ್ವ, ದಾವಲಪ್ಪ ಎಂಬ ಹೆಸರಿನ ಹಿಂದೂಗಳು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಇಂದಿಗೂ ಸಿಗುತ್ತಾರೆ. ಹರಕೆಯಿಂದ ಹುಟ್ಟಿದ ಮಗುವಿಗೆ ಸಂತನ ಹೆಸರಿಡುವುದು ಇಲ್ಲಿಯ ವಾಡಿಕೆ.

ನವಲಗುಂದ ತಾಲ್ಲೂಕಿನ ಯಮನೂರಿನ ದೈವ ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ. ಎರಡೂ ಕಡೆಯವರು ಒಂದೇ ಜಾತ್ರೆಗೆ ಬರುತ್ತಾರೆ, ಒಂದೇ ಬೆಣ್ಣೆಹಳ್ಳದಲ್ಲಿ ಮೀಯುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿದ ಶರೀಫರಿಗೆ (1819–1889) ಕಳಸದ ಗೋವಿಂದಭಟ್ಟರು ಗುರುಗಳಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಆ ಕಾಲದಲ್ಲಿ ಇದಕ್ಕೆ ಎರಡೂ ಕಡೆ ಮೂಗು ಮುರಿದವರಿದ್ದರೆಂಬುದನ್ನು ಜನಪದ ಕಥನಗಳು ಮರೆಮಾಚುವುದಿಲ್ಲ. ಇನ್ನು ಮೊಹರಂ ಬಂದರೆ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಬೆಂಕಿ ಹಾಕುವ ಅಲಾಯಿ ಕುಣಿ ತೋಡಿ, ಹಸ್ತದಾಕಾರದ ಪಂಜಾಗಳನ್ನು ಕೂಡಿಸಿ, ಹೆಜ್ಜೆ ಮೇಳ ಹಾಕುತ್ತಾರೆ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಹುಸೇನರು ಮಡಿದ ಕಥೆಯನ್ನು ಹೇಳುವ ರಿವಾಯತ್ ಪದಗಳನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಲಿಂಗಾಯತರು, ಕುರುಬರು, ದಲಿತರು ಎಲ್ಲರೂ ಇದ್ದಾರೆ. ಆ ಪದಗಳ ಭಾಷೆ ಅಚ್ಚ ಉತ್ತರ ಕರ್ನಾಟಕದ ಕನ್ನಡ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಈ ಲೋಕವನ್ನು ವಿಸ್ತಾರವಾಗಿ ದಾಖಲಿಸಿದ ಪುಸ್ತಕ.

ಆದರೆ ಇದನ್ನು ಬರೀ ಸಾಮರಸ್ಯದ ಚಿತ್ರಪಟವಾಗಿ ತೂಗುಹಾಕುವುದೂ ತಪ್ಪಾದೀತು. ಸಮಾಧಿಗೆ ತಲೆಬಾಗುವುದು ಇಸ್ಲಾಮಿಗೆ ಒಪ್ಪುವುದಿಲ್ಲ, ಮೊಹರಂನ ಕುಣಿತ ಧರ್ಮಬಾಹಿರ ಎನ್ನುವ ಸುಧಾರಣಾವಾದಿಗಳು ಮುಸ್ಲಿಮರಲ್ಲೇ ಇದ್ದಾರೆ. ಅತ್ತ ಹಿಂದೂ ಸಂಘಟನೆಗಳಲ್ಲಿ ಕೆಲವಕ್ಕೂ ಈ ಬೆರಕೆ ಇಷ್ಟವಿಲ್ಲ. ಎರಡೂ ಕಡೆಯ ಶುದ್ಧೀಕರಣದ ನಡುವೆ ದರ್ಗಾ ಸಿಕ್ಕಿಕೊಂಡಿದೆ. ಇದಲ್ಲದೆ ‘ಮುಸ್ಲಿಮರು’ ಎಂಬ ಒಂದೇ ಪದದೊಳಗೆ ಮನೆಯಲ್ಲಿ ದಖ್ಖನಿ ಉರ್ದು ಆಡುವವರಿದ್ದಾರೆ, ಕನ್ನಡವನ್ನೇ ಮನೆಮಾತಾಗಿಸಿಕೊಂಡು ಹತ್ತಿ ಹಿಂಜುತ್ತಿದ್ದ ಪಿಂಜಾರ-ನದಾಫರಿದ್ದಾರೆ, ಕರಾವಳಿಯ ಬ್ಯಾರಿಗಳಿದ್ದಾರೆ, ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳಿದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು ಶೇ. 13, ಹುಬ್ಬಳ್ಳಿ-ಧಾರವಾಡ ನಗರದಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಜಗತ್ತಿನ ಮುಸ್ಲಿಮರಲ್ಲಿ ಅರಬರು ಐದನೇ ಒಂದು ಪಾಲಿನಷ್ಟು ಮಾತ್ರ. ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳು ಇಂಡೋನೇಷ್ಯಾ, ಪಾಕಿಸ್ತಾನ, ಭಾರತ. ಹೀಗಿದ್ದೂ ‘ಮುಸಲ್ಮಾನ’ ಎಂದೊಡನೆ ಟಿ.ವಿ. ತೋರಿಸುವುದು ಮರುಭೂಮಿ ಮತ್ತು ಬಂದೂಕು.

ಆ ಚಿತ್ರ ಹಳೆಯದು. ಇರಾನಿನ 1979ರ ಕ್ರಾಂತಿಯನ್ನು ಪಶ್ಚಿಮದ ಪತ್ರಿಕೆಗಳು ವರದಿ ಮಾಡಿದ ಬಗೆಯನ್ನು ಚಿಂತಕ ಎಡ್ವರ್ಡ್ ಸೈದ್ 1981ರ ತಮ್ಮ ಪುಸ್ತಕದಲ್ಲಿ ವಿಮರ್ಶಿಸಿದರು. ಇಡೀ ಧರ್ಮವನ್ನು ಬದಲಾಗದ ಒಂದೇ ಗಂಟಾಗಿ ಕಾಣುವ ಅಭ್ಯಾಸ ಅವರ ಆಕ್ಷೇಪದ ತಿರುಳು. ಬ್ರಿಟನ್ನಿನ ರನ್ನಿಮೀಡ್ ಟ್ರಸ್ಟ್ 1997ರ ವರದಿಯಲ್ಲಿ ‘ಇಸ್ಲಾಮೋಫೋಬಿಯಾ’ ಪದವನ್ನು ಬಳಕೆಗೆ ತಂದಿತು. 2001ರ ಸೆಪ್ಟೆಂಬರ್ 11ರ ದಾಳಿ, ಅದರ ಹಿಂದೆಯೇ ಬಂದ ಯುದ್ಧಗಳು, ಆಮೇಲೆ ಐಸಿಸ್‌ನ ಕ್ರೌರ್ಯ, ಇವೆಲ್ಲ ಆ ಚಿತ್ರಕ್ಕೆ ಕಪ್ಪು ಬಳಿದವು. ಹಿಂಸೆ ನಿಜವಾದದ್ದು. ಅದರ ಬಲಿಗಳಲ್ಲಿ ಬಹುಪಾಲು ಇರಾಕ್, ಅಫ್ಘಾನಿಸ್ತಾನದಂಥ ದೇಶಗಳ ಮುಸ್ಲಿಮರೇ ಎಂಬುದೂ ಅಷ್ಟೇ ನಿಜ. ಎಲ್ಲೋ ನಡೆದ ಕೃತ್ಯಕ್ಕೆ ಹುಬ್ಬಳ್ಳಿಯ ಗ್ಯಾರೇಜಿನವನು ಸಮಜಾಯಿಷಿ ಕೊಡಬೇಕಾಗಿ ಬರುವುದು ಈ ಚಿತ್ರದ ಪರಿಣಾಮ.

ಭಾರತದಲ್ಲಿ ಇದಕ್ಕೆ ದೇಶವಿಭಜನೆಯ ಗಾಯವೂ ಅಯೋಧ್ಯೆಯ ವಿವಾದವೂ ಸೇರಿಕೊಂಡವು. ಹುಬ್ಬಳ್ಳಿಯ ಈದ್ಗಾ ಮೈದಾನದ ಒಡೆತನದ ತಕರಾರು ರಾಷ್ಟ್ರಧ್ವಜದ ಪ್ರಶ್ನೆಯಾಗಿ ಬೆಳೆದು 1994ರ ಆಗಸ್ಟ್ 15ರಂದು ಗೋಲಿಬಾರಿನಲ್ಲಿ ಜೀವಗಳು ಹೋದವು. 2022ರಲ್ಲಿ ಅದೇ ಮೈದಾನದಲ್ಲಿ ಗಣೇಶನನ್ನು ಕೂಡಿಸಲು ಅನುಮತಿ ಸಿಕ್ಕಿತು. ಆ ವರ್ಷ ಕರ್ನಾಟಕದಲ್ಲಿ ಮುಸ್ಲಿಮರ ಕುರಿತ ಸುದ್ದಿಗೆ ಬಿಡುವೇ ಇರಲಿಲ್ಲ. ಉಡುಪಿಯಿಂದ ಎದ್ದ ಹಿಜಾಬ್ ವಿವಾದದಲ್ಲಿ, ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯಲ್ಲ ಎಂದು ಹೈಕೋರ್ಟ್ ಮಾರ್ಚ್ 15ರಂದು ತೀರ್ಪಿತ್ತಿತು. ವಿಚಿತ್ರವೆಂದರೆ ಇಸ್ಲಾಂ ದ್ವೇಷದ ವಿರುದ್ಧ ಮಾರ್ಚ್ 15ನ್ನು ಅಂತರರಾಷ್ಟ್ರೀಯ ದಿನವಾಗಿ ಆಚರಿಸಲು ವಿಶ್ವಸಂಸ್ಥೆ ನಿರ್ಣಯಿಸಿದ್ದೂ ಅದೇ ದಿನ. ಹಿಜಾಬ್ ಪ್ರಕರಣದಲ್ಲಿ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದರು.

ಅದೇ ವರ್ಷದ ಏಪ್ರಿಲ್ 9ರಂದು ಧಾರವಾಡದ ಹತ್ತಿರ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಆವರಣದಲ್ಲಿ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ಕೆಲವರು ನೆಲಕ್ಕೆ ಬಡಿದು ಒಡೆದರು. ಕೆಂಪು ಹೋಳುಗಳು ಚೆಲ್ಲಿಬಿದ್ದ ಆ ದೃಶ್ಯ ನಾಡಿನ ತುಂಬ ಹರಿದಾಡಿತು. ಆ ವ್ಯಾಪಾರಿ ಹಲವು ವರ್ಷಗಳಿಂದ ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದವರು. ಜಾತಿ ಧರ್ಮ ನೋಡದೆ ಅನೇಕರು ಮರುಗಿದರು, ನೆರವಿಗೆ ಬಂದರು. ಒಂದು ವಾರದ ಬಳಿಕ, ಏಪ್ರಿಲ್ 16ರ ರಾತ್ರಿ, ಸಾಮಾಜಿಕ ಜಾಲತಾಣದ ಒಂದು ಪೋಸ್ಟಿಗೆ ಕೆರಳಿದ ಮುಸ್ಲಿಂ ಗುಂಪು ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಈ ಎರಡರಲ್ಲಿ ಒಂದನ್ನು ನೆನೆದು ಇನ್ನೊಂದನ್ನು ಮರೆಯುವವರು ಎರಡೂ ಪಾಳೆಯದಲ್ಲಿದ್ದಾರೆ.

ಈ ಗದ್ದಲದಲ್ಲಿ ಕೇಳದೇ ಹೋಗುವುದು ಓದು, ಸಾಲ, ನೌಕರಿಯ ಮಾತು. ಶಿಕ್ಷಣದಲ್ಲಿ, ಸರ್ಕಾರಿ ಉದ್ಯೋಗದಲ್ಲಿ ಮುಸ್ಲಿಮರು ಎಷ್ಟು ಹಿಂದುಳಿದಿದ್ದಾರೆಂದು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ಅಂಕಿ-ಅಂಶ ಸಮೇತ ತೋರಿಸಿತ್ತು. ಓಲೈಕೆಯ ಆರೋಪ ಮಾಡುವವರು ಆ ವರದಿಯ ಗೋಜಿಗೆ ಹೋಗುವುದು ಕಡಿಮೆ.

ಕನ್ನಡದ ಓದುಗರಿಗೆ ಮುಸ್ಲಿಂ ಮನೆಯ ಒಳಗನ್ನು ತೋರಿಸಿದವರು ಅಲ್ಲಿಯ ಲೇಖಕರೇ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನ ಸಂಕಟವನ್ನು ಬರೆದು ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾದರು. ಬೊಳುವಾರು ಮಹಮದ್ ಕುಂಞಿ ಪ್ರವಾದಿಯ ಬದುಕನ್ನೇ ‘ಓದಿರಿ’ ಎಂಬ ಕಾದಂಬರಿಯಾಗಿಸಿದರು. ಹಾಸನದ ಬಾನು ಮುಷ್ತಾಕ್, ಮಹಿಳೆಯರಿಗೂ ಮಸೀದಿ ಪ್ರವೇಶ ಬೇಕೆಂದು ಹೇಳಿದ್ದಕ್ಕೆ 2000ದಲ್ಲಿ ಸಮುದಾಯದ ಬಹಿಷ್ಕಾರ ಅನುಭವಿಸಿದರು. ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಬಾನು ಅವರನ್ನು ಕರೆದಾಗ, ಮುಸ್ಲಿಂ ಮಹಿಳೆ ಚಾಮುಂಡಿಗೆ ಪೂಜೆ ಸಲ್ಲಿಸುವುದು ಹೇಗೆ ಎಂಬ ತಕರಾರು ಎದ್ದಿತು. 2017ರಲ್ಲಿ ಕವಿ ನಿಸಾರ್ ಅಹಮದ್ ದಸರಾ ಉದ್ಘಾಟಿಸಿದ್ದನ್ನು ಆಗ ಅನೇಕರು ನೆನಪಿಸಿದರು. ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿದ ಮೇಲೆ ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾಕ್ಕೆ ಚಾಲನೆ ಕೊಟ್ಟರು.