ನೆಲಕ್ಕೆ ಹೆಸರಿಡುವವರು

ಕನ್ನಡದಲ್ಲಿ ನೆಲಕ್ಕೆ ಹಲವು ಹೆಸರುಗಳುಂಟು. ದನ ಮೇಯುವ ನೆಲ ಗೋಮಾಳ. ತೋಟಕ್ಕೆ ಸೊಪ್ಪು ಒದಗಿಸುವ ಕಾಡು ಸೊಪ್ಪಿನಬೆಟ್ಟ. ಈ ಹೆಸರುಗಳಲ್ಲಿ ನೆಲದ ಗುಣವಷ್ಟೇ ಅಲ್ಲ, ಅದನ್ನು ಬಳಸುವವರ ಹಕ್ಕೂ ಅಡಗಿದೆ. ಆದರೆ ಕಂದಾಯ ತಾರದ ನೆಲವೆಲ್ಲ ಪಾಳು ಎಂಬುದು ಬ್ರಿಟಿಷರ ಕಾಲದಿಂದ ಬಂದ ಎಣಿಕೆ. ಗೋಮಾಳವು ಕಡತದಲ್ಲಿ ‘ಪಾಳು ಭೂಮಿ’ಯಾದೊಡನೆ ಅದನ್ನು ಪರರಿಗೆ ಕೊಡುವುದು ಸುಲಭವಾಗುತ್ತದೆ.

ಆಗ ತಾನೇ ಕನ್ನಡ ಅಧ್ಯಾಪಕನಾಗಿದ್ದ ನನಗೆ ಶಬ್ದದ ಈ ಶಕ್ತಿ ಮನದಟ್ಟಾದುದು ಕುಸನೂರಿನ ಪ್ರಸಂಗದಿಂದ. 1984ರಲ್ಲಿ ರಾಜ್ಯ ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯನ್ನೂ ಅದರಂಥ ಮರಗಳನ್ನೂ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಉದ್ದೇಶ. ನೀಲಗಿರಿಯ ಎಲೆಯನ್ನು ದನ ಮುಟ್ಟದು. ಕಾರ್ಖಾನೆಗೆ ಕಚ್ಚಾಮಾಲಾದುದು ಜಮೀನಿಲ್ಲದ ದನಗಾಹಿಗೆ ಬೇಲಿಯಾಯಿತು.

ಶಿವರಾಮ ಕಾರಂತರೇ ಮೊದಲಾದವರು ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟರು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ, ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. 1991ರಲ್ಲಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಗಿಡ ನೆಡುವುದೇ ಪರಿಸರ ರಕ್ಷಣೆಯೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾವ ಗಿಡ, ಯಾರ ನೆಲ, ಯಾರ ಒಪ್ಪಿಗೆ ಎಂದು ಕೇಳುವುದನ್ನೂ ಕಲಿಸಬೇಕು. ನಿಮ್ಮೂರಿನ ಗೋಮಾಳಕ್ಕೆ ಇಂದು ಕಡತದಲ್ಲಿ ಯಾವ ಹೆಸರಿದೆ? ಒಮ್ಮೆ ಹೋಗಿ ನೋಡಿ.