ದೂರದ ದಾರಿ, ಬೈಕಿನ ಸೀಟು ಮತ್ತು ಬೆಳೆಗಾರನ ಸೊಂಟ

ಮಂಡಿಗೆ, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ನೆಂಟರ ಮನೆಯ ಮದುವೆಗೆ ಎಂದು ಮಲೆನಾಡಿನ ಬೆಳೆಗಾರ ಬೈಕು ಹತ್ತದ ದಿನವೇ ಅಪರೂಪ. ಬಸ್ಸು ಹೊತ್ತಿಗೊಂದು ಬರುವ ಊರುಗಳಲ್ಲಿ ಬೇರೆ ದಾರಿಯೂ ಇಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟುವುದೆಂದರೆ 100 ಕಿ.ಮೀ. ಆಸುಪಾಸು. ಅದೇ ದಿನ ಹಿಂದಿರುಗುವುದಾದರೆ ಇದರ ಎರಡರಷ್ಟು. ಇಳಿದವರು ಮೊದಲು ಮಾಡುವ ಕೆಲಸ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು.

ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ಕೂರಲೂ ಆಗದೆ ನಿಲ್ಲಲೂ ಆಗದೆ ಚಡಪಡಿಸುವವನು ಮಂಡಿಯಲ್ಲಿ ದರಕ್ಕಾಗಿ ಕಾಯುವುದಿಲ್ಲ; ಮೊದಲು ಹೇಳಿದ ದರಕ್ಕೇ ಒಪ್ಪಿ ಮನೆ ಕಡೆ ಮುಖ ಮಾಡುತ್ತಾನೆ. ಅದಕ್ಕಿಂತ ಮುಖ್ಯ, ಮುಸ್ಸಂಜೆಯ ಮಂಜಿನಲ್ಲಿ ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಗಮನವೆಲ್ಲ ರಸ್ತೆಯ ಮೇಲೆ ಇರಬೇಕು, ಉರಿಯುವ ಕುಂಡಿಯ ಮೇಲಲ್ಲ. ಆದ್ದರಿಂದ ಸದಸ್ಯ ಬಾಂಧವರು ಈ ವಿಷಯವನ್ನು ತುಸು ಮನಸ್ಸಿಟ್ಟು ನೋಡಬೇಕೆಂದು ಕೋರುತ್ತೇವೆ.

ಸಾಮಾನ್ಯವಾಗಿ ಎಲ್ಲರೂ ದೂರುವುದು ಸೀಟನ್ನು. ‘ಸೀಟು ಗಟ್ಟಿ, ಮೆತ್ತಗೆ ಮಾಡಿಸಬೇಕು’ ಎನ್ನುವುದು ವಾಡಿಕೆಯ ಮಾತು. ಇದು ಅರ್ಧ ಮಾತ್ರ ಸರಿ. ನಾವು ನೆಟ್ಟಗೆ ಕುಳಿತಾಗ ಮೈಭಾರದ ಹೆಚ್ಚಿನ ಪಾಲು ಕುಂಡಿಯೊಳಗಿನ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಗಟ್ಟಿ ಬೆಂಚಿನ ಮೇಲೆ ಅಂಗೈಯನ್ನು ಅಡಿಗಿಟ್ಟು ಕುಳಿತರೆ ಆ ಎರಡು ಗುಬುಟುಗಳು ಕೈಗೆ ತಾಗುತ್ತವೆ. ಮೂಳೆಗೂ ಸೀಟಿಗೂ ನಡುವೆ ಸಿಕ್ಕಿದ ಮಾಂಸ, ಚರ್ಮಗಳಲ್ಲಿ ರಕ್ತದ ಓಡಾಟ ಕುಗ್ಗುತ್ತದೆ. ಮೊದಲು ಜೋಮು, ಆಮೇಲೆ ಉರಿ, ಕೊನೆಗೆ ನೋವು. ಗಾಲಿ ಕುರ್ಚಿಯಲ್ಲಿ ದಿನ ಕಳೆಯುವವರಿಗೆ 15ರಿಂದ 30 ನಿಮಿಷಕ್ಕೊಮ್ಮೆ ಮೈಯನ್ನು ಎತ್ತಿ ಅಥವಾ ವಾಲಿಸಿ ಭಾರ ಬದಲಿಸಿರಿ ಎಂದು ಆಸ್ಪತ್ರೆಗಳಲ್ಲಿ ಹೇಳಿಕೊಡುವುದು ಇದೇ ಕಾರಣಕ್ಕೆ. ಬೈಕಿನ ಸವಾರನಿಗೂ ಇದೇ ನ್ಯಾಯ. ಅಲುಗದೆ ಕುಳಿತವನಿಗೆ ಹಂಸತೂಲಿಕೆಯೂ ಎರಡು ಗಂಟೆಯಲ್ಲಿ ಕಲ್ಲಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಭಾರವನ್ನು ಹಂಚಬೇಕು. ಎರಡು ಪಾದಗಳೂ ಫುಟ್‌ರೆಸ್ಟಿನ ಮೇಲೆ ಬಲವಾಗಿ ಊರಿರಲಿ. ಮೊಣಕಾಲುಗಳು ಟ್ಯಾಂಕನ್ನು ಹಗುರವಾಗಿ ಅಪ್ಪಿರಲಿ. ಹಳ್ಳ, ಉಬ್ಬು ಕಂಡ ಕೂಡಲೇ ಮಂಡಿ ಮಡಿಸಿಕೊಂಡೇ ಸೀಟಿನಿಂದ ನಾಲ್ಕು ಬೆರಳಷ್ಟು ಏಳಬೇಕು. ಹೊಡೆತ ಆಗ ಬೆನ್ನುಮೂಳೆಗೆ ಹೋಗದೆ ತೊಡೆಗೆ ಹೋಗುತ್ತದೆ. ತೋಟದ ಏರು ಹತ್ತಿ ಇಳಿದು ಪಳಗಿದ ತೊಡೆಗೆ ಅದೇನೂ ಹೊರೆಯಲ್ಲ. ಒಳ್ಳೆಯ ರಸ್ತೆಯಲ್ಲಿಯೂ ಕಾಲು ಗಂಟೆಗೊಮ್ಮೆ ಒಂದೆರಡು ಅಂಗುಲ ಹಿಂದಕ್ಕೋ ಮುಂದಕ್ಕೋ ಸರಿದು ಕೂರುವ ಅಭ್ಯಾಸ ಒಳ್ಳೆಯದು.

ಬೆನ್ನಿನ ಮಾತು ಬೇರೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ನಡುವಣ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ಬೆನ್ನು ಬಾಗಿಸಿ ಮುಂದಕ್ಕೆ ಬಗ್ಗಿ ಕುಳಿತಾಗ ಡಿಸ್ಕಿನ ಮೇಲಿನ ಒತ್ತಡ ಏರುವುದು ಕಂಡುಬಂತು. ಗೂನು ಹಾಕಿಕೊಂಡು ಹ್ಯಾಂಡಲ್ಲಿಗೆ ಜೋತು ಬೀಳುವವರು ಇದನ್ನು ಗಮನಿಸಬೇಕು. ಹ್ಯಾಂಡಲ್ ಹಿಡಿಯಲು ತೋಳು ಪೂರಾ ಚಾಚಬೇಕಾದರೆ ಅದು ನಿಮಗೆ ದೂರವಿದೆ ಎಂದರ್ಥ. ಅನೇಕ ಗಾಡಿಗಳಲ್ಲಿ ಬೋಲ್ಟು ಸಡಿಲಿಸಿ ಹ್ಯಾಂಡಲ್ಲನ್ನು ತುಸು ಹಿಂದಕ್ಕೆ ತಿರುಗಿಸಬಹುದು. ಬ್ರೇಕು, ಕ್ಲಚ್ಚುಗಳ ಹಿಡಿಕೆ ಮಣಿಕಟ್ಟಿನ ನೇರಕ್ಕಿರಲಿ. ಬೆರಳು ಜುಮ್ಮೆನ್ನುವವರು ಬಹುತೇಕ ಹಿಡಿಯನ್ನು ಬಿಗಿಯಾಗಿ ಹಿಡಿಯುವವರೇ.

ಇನ್ನು ಸೀಟಿಗೆ ಬರೋಣ. ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲದಿದ್ದ ಕಾಲದ ಮೋಟಾರು ಸೈಕಲ್ಲುಗಳಲ್ಲಿ ಸೀಟಿನ ಅಡಿಗೇ ಸ್ಪ್ರಿಂಗು ಇರುತ್ತಿತ್ತು. ಶಾಕು ಬಂದ ಮೇಲೆ ಸ್ಪ್ರಿಂಗಿನ ಜಾಗಕ್ಕೆ ಫೋಮು ಬಂತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಕೆಲವರ ಕೊಟ್ಟಿಗೆಯಲ್ಲಿ ಇನ್ನೂ ಇವೆ. ಗಾಡಿ ಹಳೆಯದಾದಷ್ಟೂ ಸೀಟಿನ ಫೋಮು ಸತ್ತಿರುವ ಸಂಭವ ಹೆಚ್ಚು. ಪರೀಕ್ಷೆ ಸುಲಭ. ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಅಡಿಯ ತಗಡು ಕೈಗೆ ತಾಗಿದರೆ ನೀವು ಕೂರುತ್ತಿರುವುದು ತಗಡಿನ ಮೇಲೆ.

ಕುಶನ್ ಅಂಗಡಿಯವರು ತಕ್ಷಣ ಮೆತ್ತನೆಯ ಫೋಮನ್ನು ದಪ್ಪವಾಗಿ ತುಂಬಲು ಮುಂದಾಗುತ್ತಾರೆ. ಬೇಡವೆನ್ನಿ. ಅಂಗಡಿಯಲ್ಲಿ ಹಾಸಿಗೆಯಂತೆ ಹಿತವೆನಿಸಿದ್ದು 20 ಕಿ.ಮೀ. ಹೋಗುವುದರೊಳಗೆ ಕುಸಿದು ಮೂಳೆಗೆ ನಾಟುತ್ತದೆ. ಅಡಿಗೆ ಗಟ್ಟಿಯಾದ, ಒತ್ತಿದರೆ ನಿಧಾನವಾಗಿ ಇಳಿಯುವ ಫೋಮು. ಅದರ ಮೇಲೆ ಮಾತ್ರ ತೆಳುವಾದ ಮೆತ್ತನೆ ಪದರ. ಎರಡು ಮೂಳೆಗಳೂ ಕೂರುವಷ್ಟು ಅಗಲ ಹಿಂಭಾಗಕ್ಕೆ ಬೇಕು, ಮುಂಭಾಗ ಕಿರಿದಾಗಿರಬೇಕು. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಬ್ರೇಕು ಹಾಕಿದಾಗಲೆಲ್ಲ ಟ್ಯಾಂಕಿನ ಕಡೆ ಜಾರಿ ತೊಡೆಸಂದು ಒತ್ತಿಕೊಳ್ಳುತ್ತದೆ. ಅದನ್ನು ಸಮ ಮಾಡಿಸಿ. ಎತ್ತರ ಹೆಚ್ಚಿಸುವ ಮುನ್ನ ಎರಡೂ ಪಾದ ನೆಲಕ್ಕೆ ಸಿಗುತ್ತದೆಯೇ ನೋಡಿಕೊಳ್ಳಿ. ಹಿಂದೆ ಮೈಲುತುತ್ತದ ಚೀಲ ಕಟ್ಟಿಕೊಂಡು ಏರಿನಲ್ಲಿ ನಿಲ್ಲಿಸಬೇಕಾದಾಗ ಇದರ ಬೆಲೆ ತಿಳಿಯುತ್ತದೆ. ಖರ್ಚು ಬೇಡವೆನ್ನುವವರು ಸೈಕಲ್ಲಿನ ಹಳೆಯ ಟ್ಯೂಬನ್ನು ಮಡಿಸಿ, ಅರೆಬರೆ ಗಾಳಿ ತುಂಬಿ, ಕವರಿನ ಅಡಿಗೆ ಅಲುಗದಂತೆ ಕಟ್ಟಬಹುದು. ಗಾಳಿ ಹೆಚ್ಚಾದರೆ ಚೆಂಡಿನ ಮೇಲೆ ಕುಳಿತಂತಾಗಿ ಗಾಡಿಯ ಹತೋಟಿ ತಪ್ಪುತ್ತದೆ.

ಮಳೆಗಾಲದ ಕಷ್ಟ ನಮ್ಮ ಸೀಮೆಯವರಿಗೆ ಹೇಳಬೇಕಾದ್ದಿಲ್ಲ. ರೆಕ್ಸಿನ್ನಿನ ಹೊಲಿಗೆಯ ತೂತುಗಳಿಂದ ನೀರು ಇಳಿದು ಫೋಮು ಸ್ಪಂಜಿನಂತೆ ಹೀರಿಕೊಂಡಿರುತ್ತದೆ. ಮೇಲೆ ಒರೆಸಿ ಕುಳಿತರೂ ಐದು ನಿಮಿಷದಲ್ಲಿ ಒಳಗಿನದು ಹೊರಬರುತ್ತದೆ. ನೆನೆದ ಚರ್ಮ ಉಜ್ಜಿದರೆ ಬೇಗ ಸುಲಿಯುತ್ತದೆ. ಗಾಡಿ ನಿಲ್ಲಿಸಿದಾಗ ಸೀಟಿಗೊಂದು ಪ್ಲಾಸ್ಟಿಕ್ ಹೊದಿಸಿ, ಹತ್ತುವಾಗ ತೆಗೆಯಿರಿ. ಅದರ ಮೇಲೆಯೇ ಕುಳಿತರೆ ಜಾರುತ್ತದೆ, ಬೆವರುತ್ತದೆ. ಒಳಉಡುಪಿನ ದಪ್ಪ ಹೊಲಿಗೆ ಮೂಳೆಯ ಅಡಿಗೆ ಬಾರದಂತಿರಲಿ.

ಮಂಡಿಯಿಂದ ಬರುವಾಗ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸು ಇಟ್ಟುಕೊಳ್ಳುವುದು ಸಂತೋಷದ ವಿಷಯವೇ. ಆದರೆ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರ ಹಾದುಹೋಗುವುದು ಆ ಭಾಗದಲ್ಲಿಯೇ. ಒಂದು ಕಡೆ ಎತ್ತರವಾಗಿ ಬೆನ್ನೂ ಓರೆಯಾಗುತ್ತದೆ. ಪರ್ಸು ಮುಂದಿನ ಜೇಬಿಗೆ ಹೋಗಲಿ, ಕಳ್ಳರಿಂದಲೂ ಕ್ಷೇಮ.

ಗಾಡಿಯ ಕಡೆಯಿಂದ ಎರಡೇ ಮಾತು. ಟೈರಿನ ಗಾಳಿ ತಣ್ಣಗಿರುವಾಗ ಕಂಪನಿ ಹೇಳಿದ ಅಳತೆಗೆ ಇರಲಿ. ಚೀಲ ಹೇರಲೆಂದು ಹೆಚ್ಚಿಸಿದ ಗಾಳಿಯಲ್ಲೇ ಒಬ್ಬರೇ ದೂರ ಹೋದರೆ ಪ್ರತಿ ಕಲ್ಲೂ ಬೆನ್ನಿಗೆ ಬರುತ್ತದೆ. ಹಿಂದಿನ ಶಾಕಿನ ಬಿಗಿಯನ್ನು ಬದಲಿಸುವ ಹಂತಗಳು ಅನೇಕ ಬೈಕುಗಳಲ್ಲಿ ಇವೆ. ಗಾಡಿ ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು.

ಅಮೆರಿಕದಲ್ಲಿ 24 ಗಂಟೆಯೊಳಗೆ 1000 ಮೈಲಿ, ಎಂದರೆ ಸುಮಾರು 1600 ಕಿ.ಮೀ. ಓಡಿಸಿದವರಿಗೆ ಪ್ರಮಾಣಪತ್ರ ಕೊಡುವ ಸವಾರರ ಸಂಘವೊಂದಿದೆ. ಆ ಸವಾರಿಯ ಹೆಸರೇ ‘ಸ್ಯಾಡಲ್‌ಸೋರ್’, ಅಂದರೆ ಸೀಟಿನ ಹುಣ್ಣು! ನಮಗೆ ಅಂಥ ಹಟ ಬೇಕಿಲ್ಲ. ಗಂಟೆಗೊಮ್ಮೆ, ನೋವು ಶುರುವಾಗುವ ಮೊದಲೇ, ಗಾಡಿ ನಿಲ್ಲಿಸಿ ಐದು ಹತ್ತು ನಿಮಿಷ ನಡೆದಾಡಬೇಕು. ನೋವು ಬಂದ ಮೇಲೆ ನಿಂತರೆ ಅದು ಇಳಿಯಲು ಬಹಳ ಹೊತ್ತು ಬೇಕು. ಹೋಟೆಲಿನ ಬೆಂಚಿನ ಮೇಲೆ ಮತ್ತೆ ಕುಳಿತರೆ ಅದು ವಿಶ್ರಾಂತಿಯಲ್ಲ. ಕಾಫಿಯನ್ನು ನಿಂತೇ ಕುಡಿಯಿರಿ. ನೀರೂ ಕುಡಿಯಿರಿ.

ಹಿಂದೆ ಒಂದೇ ಪಕ್ಕಕ್ಕೆ ಕಾಲಿಟ್ಟು ಕೂರುವ ಹೆಂಗಸರ ಪಾಡು ಸವಾರನಿಗಿಂತ ಕಷ್ಟ. ಸೊಂಟ ಒಂದು ದಿಕ್ಕಿಗೆ, ಮುಖ ಇನ್ನೊಂದು ದಿಕ್ಕಿಗೆ. ಪಾದಕ್ಕೆ ಸರಿಯಾದ ಆಸರೆಯೂ ಇರುವುದಿಲ್ಲ, ಏಳುವ ಉಪಾಯವೂ ಇಲ್ಲ. ಎರಡೂ ಕಡೆ ಕಾಲು ಹಾಕಿ ಕೂರುವುದು ಎಲ್ಲ ರೀತಿಯಿಂದಲೂ ಕ್ಷೇಮ. ಅದು ಆಗದೆಂದರೆ ದೂರದ ದಾರಿಗೆ ಅವರನ್ನು ಬಸ್ಸಿಗೆ ಹತ್ತಿಸುವುದೇ ಮರ್ಯಾದೆ.

ಇಳಿದು ಅರ್ಧ ಗಂಟೆ ನಡೆದರೂ ಬಿಡದ ಜೋಮು, ಕಾಲಿನ ಉದ್ದಕ್ಕೆ ಹರಿಯುವ ನೋವು, ಪಾದ ಎಳೆದಂತಾಗುವುದು, ಮಲದಲ್ಲಿ ರಕ್ತ, ಇವು ಕಂಡರೆ ಸೀಟು ಬದಲಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ, ಮತ್ತು ಬೈಕಿನಲ್ಲಿ ಅಲ್ಲ.